ಕತ್ತು ಬಗ್ಗಿಸಿ ದುಡಿಯುವವರಿಗೆ



ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವವನು ಕಂಪ್ಯೂಟರ್ ಬಗ್ಗೆ ಮಾತಾಡುತ್ತಾನೆ ಎಂದುಕೊಂಡಿರುತ್ತೀರಿ. ನಾನು ಮಾತಾಡಬೇಕೆಂದಿರುವುದು ಕತ್ತಿನ ಬಗ್ಗೆ. ನಾನು ವೈದ್ಯನಲ್ಲ. ಆದರೆ ನಮ್ಮ ಕೆಲಸದಲ್ಲಿ ಕತ್ತು ನೋವಿಲ್ಲದವರನ್ನು ಹುಡುಕಬೇಕು. ಅದಕ್ಕೇ ಫಿಸಿಯೋಥೆರಪಿಯವರು ಕಚೇರಿಗೇ ಬಂದು ಹೇಳಿಕೊಡುತ್ತಾರೆ. ನಮ್ಮೂರಲ್ಲಿ ಅಡಿಕೆ ಸುಲಿಯುವ ಹೆಂಗಸರಿಗೆ ಯಾರೂ ಬಂದು ಹೇಳುವುದಿಲ್ಲ. ಸಂಜೆ ಮೆಟ್ಟುಗತ್ತಿಯ ಮುಂದೆ ಕೂತರೆ ರಾತ್ರಿ ಏಳುವ ತನಕ ಅವರ ತಲೆ ಬಗ್ಗಿಯೇ ಇರುತ್ತದೆ.

ದೊಡ್ಡವರ ತಲೆ ಸುಮಾರು 5 ಕೆ.ಜಿ. ತೂಗುತ್ತದೆ. ಅದು ಹೆಗಲ ಮೇಲೆ ನೇರವಾಗಿದ್ದರೆ ಕತ್ತಿನ 7 ಮೂಳೆಗಳು ಭಾರ ಹೊರುತ್ತವೆ. ಮುಂದಕ್ಕೆ ಬಾಗಿತೆಂದರೆ ಹಿಂದಿನ ಸ್ನಾಯುಗಳು ಅದನ್ನು ಎಳೆದು ಹಿಡಿದುಕೊಂಡೇ ಇರಬೇಕು. ತುಂಬಿದ ಕೊಡವನ್ನು ಸೊಂಟದಲ್ಲಿ ಇಟ್ಟುಕೊಳ್ಳುವುದಕ್ಕೂ ಕೈ ಚಾಚಿ ಹಿಡಿಯುವುದಕ್ಕೂ ಇರುವ ವ್ಯತ್ಯಾಸವೇ ಇದು. ಅಮೆರಿಕದ ಬೆನ್ನುಮೂಳೆ ಶಸ್ತ್ರವೈದ್ಯ ಕೆನೆತ್ ಹನ್ಸ್‌ರಾಜ್ 2014ರಲ್ಲಿ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ, ತಲೆ 60 ಡಿಗ್ರಿ ಬಾಗಿದಾಗ ಕತ್ತಿನ ಮೇಲೆ ಸುಮಾರು 27 ಕೆ.ಜಿ.ಯಷ್ಟು ಒತ್ತಡ ಬೀಳುತ್ತದೆ ಎಂದರು. ಇದು ಲೆಕ್ಕ ಮಾತ್ರ, ಮನುಷ್ಯರ ಕತ್ತಿನಲ್ಲಿ ಅಳೆದದ್ದಲ್ಲ. ಬಾಗಿದವರಿಗೆಲ್ಲ ನೋವು ಬಂದೇ ಬರುತ್ತದೆಂದೂ ಇಲ್ಲ. ಗಂಟೆಗಟ್ಟಲೆ ಅಲುಗಾಡದೆ ಒಂದೇ ಭಂಗಿಯಲ್ಲಿ ಇರುವುದು ಹೆಚ್ಚು ಕಾಡುತ್ತದೆ.

ಗುರುತಿಸುವುದು ಸುಲಭ. ಕೂತವರನ್ನು ಪಕ್ಕದಿಂದ ನೋಡಿ: ಕಿವಿ ಹೆಗಲಿನ ನೇರಕ್ಕಿದೆಯೋ, ಮುಂದೆ ಬಂದಿದೆಯೋ? ನಿಮ್ಮದನ್ನೇ ನೋಡಿಕೊಳ್ಳಲು ಗೋಡೆಗೆ ಬೆನ್ನು ತಾಗಿಸಿ ನಿಲ್ಲಿ. ಗಲ್ಲ ಮೇಲೆತ್ತದೆ ತಲೆ ಗೋಡೆಗೆ ತಾಗದಿದ್ದರೆ ಅದು ಮುಂದೆ ಬಂದಿದೆ ಎಂದರ್ಥ. ಬೆನ್ನು ಬಾಗಿದ ವಯಸ್ಸಾದವರು ಬಲವಂತವಾಗಿ ತಾಗಿಸುವುದು ಬೇಡ.

"ನೆಟ್ಟಗೆ ಕೂತ್ಕೋ" ಎಂದು ಮಕ್ಕಳನ್ನು ಗದರಿದರೆ ಎರಡು ನಿಮಿಷ ಕೂರುತ್ತಾರೆ, ಅಷ್ಟೇ. (ನಮ್ಮ ಮೇಷ್ಟ್ರುಗಳಿಗೆ ಇದು ಚೆನ್ನಾಗಿ ಗೊತ್ತು.) ಕಣ್ಣು ಎಲ್ಲಿದೆಯೋ ತಲೆ ಅಲ್ಲಿಗೆ ಹೋಗುತ್ತದೆ, ಆದ್ದರಿಂದ ನೋಡುವ ವಸ್ತುವನ್ನೇ ಮೇಲಕ್ಕೆ ತರಬೇಕು. ಮೊಬೈಲನ್ನು ಎದೆಯ ಮೇಲ್ಭಾಗಕ್ಕೆ ಎತ್ತಿ ಹಿಡಿಯಿರಿ. ಲ್ಯಾಪ್‌ಟಾಪ್ ಕೆಳಗೆ ನಾಲ್ಕು ದಪ್ಪ ಪುಸ್ತಕ ಇಟ್ಟು, ಕೀಬೋರ್ಡ್ ಬೇರೆ ಬಳಸಿ. ನೆಲದ ಮೇಲೆ ಕೂತು ಓದುವ ಮಕ್ಕಳಿಗೆ ನಮ್ಮ ಹಿರಿಯರು ಭಾರತ ಓದುವಾಗ ಇಟ್ಟುಕೊಳ್ಳುತ್ತಿದ್ದ ವ್ಯಾಸಪೀಠವೇ ಸಾಕು. ಅದನ್ನೊಂದು ಎತ್ತರದ ಮಣೆಯ ಮೇಲಿಟ್ಟರೆ ಇನ್ನೂ ಒಳ್ಳೆಯದು.

ಒಂದು ವ್ಯಾಯಾಮ ಹೇಳುತ್ತೇನೆ. ತಲೆ ಬಗ್ಗಿಸದೆ, ಎತ್ತದೆ, ಗಲ್ಲವನ್ನು ನೇರ ಹಿಂದಕ್ಕೆ ಎಳೆದುಕೊಳ್ಳಿ. 5 ಎಣಿಸಿ ಬಿಡಿ. ಹೀಗೆ 10 ಸಲ. ನೋವಾದರೆ ನಿಲ್ಲಿಸಿ. ಕೈ ಜೋಮು ಹಿಡಿದರೆ, ಹಿಡಿತ ಸಡಿಲವಾದರೆ, ನಡಿಗೆ ತಪ್ಪಿದರೆ, ಬಿದ್ದ ಮೇಲೆ ಕತ್ತು ನೋವು ಶುರುವಾದರೆ ವ್ಯಾಯಾಮ ಬೇಡ, ಆಸ್ಪತ್ರೆಗೆ ಹೋಗಿ. ಕತ್ತು ತಿರುಗಿಸಿ ಲಟಕ್ಕೆನ್ನಿಸುವವರ ಹತ್ತಿರ ಹೋಗಬೇಡಿ.

ಇನ್ನು ಅಡಿಕೆಯ ವಿಷಯ. ಸುಲಿಯುವವರಿಗೆ ಮೆಟ್ಟುಗತ್ತಿಯನ್ನು ಕಣ್ಣಿನ ಎತ್ತರಕ್ಕೆ ತರಲು ಆಗುವುದಿಲ್ಲ. ಸುಲಿದಷ್ಟಕ್ಕೆ ಕೂಲಿ ಇರುವಾಗ "ನಡುನಡುವೆ ಏಳಿ" ಎಂದು ಅವರಿಗೆ ಉಪದೇಶ ಮಾಡುವುದೂ ಸರಿಯಲ್ಲ. ಎದ್ದರೆ ದುಡ್ಡು ಹೋಗುತ್ತದೆ. ಈ ಮಾತನ್ನು ಕೇಳಬೇಕಾದವರು ತೋಟದ ಯಜಮಾನರು. ನಮ್ಮ ಮನೆಯವರನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಅರ್ಧ ಗಂಟೆಗೊಮ್ಮೆ ಎಲ್ಲರನ್ನೂ ಎರಡು ನಿಮಿಷ ಎಬ್ಬಿಸಿ, ಆ ಹೊತ್ತಿನ ಕೂಲಿ ಕಳೆಯಬೇಡಿ. ಚಹಾಕ್ಕೆ ಕರೆದು ಕುಡಿಸಿ, ಕೂತಲ್ಲಿಗೆ ತಂದು ಕೊಡಬೇಡಿ.

ಶಾಲೆಗೆ ಸುವರ್ಣ ಮಹೋತ್ಸವದ ನೆನಪಿಗೆ ಏನು ಕೊಡಬೇಕೆಂದು ಹಳೆಯ ವಿದ್ಯಾರ್ಥಿಗಳು ಚರ್ಚಿಸುತ್ತಿದ್ದೇವೆ. ಕಮಾನು ಬೇಡವೆಂದು ನಾನು ಹೇಳುವುದಿಲ್ಲ. ಅದರ ಜೊತೆಗೆ ಊರಿನ ಬಡಗಿಯವರಿಂದ ವ್ಯಾಸಪೀಠಗಳನ್ನು ಮಾಡಿಸಿ ಹತ್ತನೇ ತರಗತಿಯ ಮಕ್ಕಳಿಗೆ ಮನೆಗೆ ಕೊಡೋಣ. ಪರೀಕ್ಷೆ ಮುಗಿದ ಮೇಲೆ ಅವರು ಮುಂದಿನ ತಂಡಕ್ಕೆ ಒಪ್ಪಿಸಲಿ. ಮೊದಲ ಹತ್ತರ ಖರ್ಚು ನನ್ನದು.