ಸಡಿಲ ಮರಳಿನ ಗ್ರಾಮ ರಸ್ತೆಗಳನ್ನು ಗಟ್ಟಿಗೊಳಿಸುವ ಬಗೆ

(ಗ್ರಾಮ ಪಂಚಾಯತ್ ಸದಸ್ಯರ ತರಬೇತಿ ಶಿಬಿರದಲ್ಲಿ ಮಂಡಿಸಲಾದ ಉಪನ್ಯಾಸದ ಪಠ್ಯ)



ಕರಾವಳಿಯ ಗ್ರಾಮಗಳಲ್ಲಿ ಹೆದ್ದಾರಿಯಿಂದ ಕಡಲ ಕಡೆಗೆ ಇಳಿಯುವ ಮರಳಿನ ಹಾದಿಗಳು ಅನೇಕ. ಮೀನಿನ ಟೆಂಪೊ, ಶಾಲಾ ವಾಹನ, ಆಂಬುಲೆನ್ಸ್ ಎಲ್ಲವೂ ಈ ಹಾದಿಗಳಲ್ಲಿಯೇ ಸಾಗಬೇಕು. ಬೇಸಿಗೆಯಲ್ಲಿ ಚಕ್ರಗಳು ಹೂತುಹೋದಾಗ ರೋಗಿಯನ್ನು ಹೆದ್ದಾರಿಯವರೆಗೆ ಹೊತ್ತು ತರಬೇಕಾಗುತ್ತದೆ. ಗ್ರಾಮಸಭೆಯಲ್ಲಿ ದೂರು ಬರುತ್ತದೆ. ಪಂಚಾಯತ್ ಜಲ್ಲಿ ಹಾಕಿಸುತ್ತದೆ. ಕೆಲವೇ ಮಳೆಗಾಲಗಳಲ್ಲಿ ಜಲ್ಲಿ ಮರಳಿನೊಳಗೆ ಇಳಿದು ಕಾಣದಾಗುತ್ತದೆ. ಮತ್ತೆ ಅದೇ ದೂರು, ಮತ್ತೆ ಅದೇ ಜಲ್ಲಿ. ಈ ವೆಚ್ಚದ ಬಹುಭಾಗವನ್ನು ತಪ್ಪಿಸಲು ಸಾಧ್ಯವಿದೆ.

ಅಲೆ ಬಂದು ಹೋದ ಒದ್ದೆ ಮರಳಿನ ಮೇಲೆ ಸೈಕಲ್ ಸಲೀಸಾಗಿ ಓಡುತ್ತದೆ. ಹತ್ತು ಹೆಜ್ಜೆ ಮೇಲಿನ ಒಣ ಮರಳಿನಲ್ಲಿ ಅದನ್ನು ತಳ್ಳುವುದೂ ಕಷ್ಟ. ಮರಳು ಎರಡೂ ಕಡೆ ಒಂದೇ. ಒದ್ದೆ ಮರಳಿನಲ್ಲಿ ಕಣಗಳ ನಡುವಣ ತೆಳುವಾದ ನೀರಿನ ಪೊರೆ ಅವುಗಳನ್ನು ಹಿಡಿದಿಟ್ಟಿರುತ್ತದೆ. ನೀರು ಆರಿದೊಡನೆ ಆ ಹಿಡಿತ ಹೋಗುತ್ತದೆ. ಎರೆಭೂಮಿಯ ರಸ್ತೆ ಮಳೆಯಲ್ಲಿ ಕೆಟ್ಟರೆ, ಮರಳಿನ ರಸ್ತೆ ಬಿಸಿಲಿನಲ್ಲಿ ಕೆಡುವುದು ಈ ಕಾರಣದಿಂದ. ಮರಳಿನಲ್ಲಿ ಗಟ್ಟಿತನಕ್ಕೆ ಕೊರತೆಯಿಲ್ಲ, ಕೊರತೆಯಿರುವುದು ಅಂಟಿಗೆ, ಜಲ್ಲಿಯಲ್ಲಿಯೂ ಅಂಟಿಲ್ಲ.

ಈ ಅಂಟನ್ನು ಜೇಡಿಮಣ್ಣಿನಿಂದ ಒದಗಿಸುವ ವಿಧಾನ ಹಳೆಯದು. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಮರಳು ಮತ್ತು ಜೇಡಿಯ ಮಿಶ್ರಣದಿಂದ ಅನೇಕ ಹಳ್ಳಿರಸ್ತೆಗಳು ನಿರ್ಮಾಣಗೊಂಡವು. ಅಲ್ಲಿನ ಕೃಷಿ ಇಲಾಖೆ 1907ರಲ್ಲಿಯೇ ಈ ಕುರಿತು ರೈತರಿಗಾಗಿ ಕಿರುಹೊತ್ತಗೆಯೊಂದನ್ನು ಪ್ರಕಟಿಸಿತು. ತತ್ತ್ವ ಸರಳವಾದುದು: ಮರಳಿನ ಕಣಗಳ ನಡುವಣ ಸಂದುಗಳು ತುಂಬುವಷ್ಟು ಮಾತ್ರ ಜೇಡಿ ಇರಬೇಕು. ಕಡಿಮೆಯಾದರೆ ರಸ್ತೆ ಉದುರುತ್ತದೆ, ಹೆಚ್ಚಾದರೆ ಆಷಾಢದಲ್ಲಿ ಕೆಸರುಗದ್ದೆಯಾಗುತ್ತದೆ. ಸಾಮಾನ್ಯವಾಗಿ ಮೂರು ಅಥವಾ ನಾಲ್ಕು ಪಾಲು ಮರಳಿಗೆ ಒಂದು ಪಾಲು ಜೇಡಿಮಣ್ಣಿನಿಂದ ಪ್ರಯೋಗ ಆರಂಭಿಸಬಹುದು.

ಯಾವ ಮಣ್ಣು ಎಂಬುದೇ ಇಲ್ಲಿ ಮುಖ್ಯ ಪ್ರಶ್ನೆ. ಕರಾವಳಿಯಲ್ಲಿ ಮುರಕಲ್ಲಿನ ಪದರದ ಕೆಳಗೆ ಸಿಗುವ ಶೇಡಿಮಣ್ಣು ನೋಡಲು ಜೇಡಿಯಂತೆಯೇ ಇರುತ್ತದೆ, ಒಣಗಿದಾಗ ಗಟ್ಟಿಯಾಗಿಯೂ ಇರುತ್ತದೆ. ಆದರೆ ನೀರು ಸೋಕಿದೊಡನೆ ಕರಗಿ ಹರಿಯುತ್ತದೆ. ಅದನ್ನು ನಂಬಿ ಮಾಡಿದ ರಸ್ತೆ ಮೊದಲ ಮಳೆಯಲ್ಲಿಯೇ ಚರಂಡಿ ಸೇರುತ್ತದೆ. ಎರೆಮಣ್ಣು ಉಬ್ಬಿ ಬಿರಿಯುತ್ತದೆ. ಕೆರೆಯ ಹೂಳಿನಲ್ಲಿ ಕೊಳೆತ ಎಲೆ, ಬೇರು ಇರುವುದರಿಂದ ಅದು ಹೊಲಕ್ಕೆ ಒಳ್ಳೆಯದು, ರಸ್ತೆಗಲ್ಲ.

ಪರೀಕ್ಷೆಗೆ ಪ್ರಯೋಗಶಾಲೆಯನ್ನೇ ಕಾಯಬೇಕಾಗಿಲ್ಲ. ಅದೇ ರಸ್ತೆಯ ಮರಳಿಗೆ ಬೇರೆ ಬೇರೆ ಪ್ರಮಾಣದಲ್ಲಿ ಮಣ್ಣು ಬೆರೆಸಿ, ನಿಂಬೆಹಣ್ಣಿನ ಗಾತ್ರದ ಉಂಡೆಗಳನ್ನು ಕಟ್ಟಿ, ಗುರುತು ಹಾಕಿ, ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಬೇಕು. ಬಳಿಕ ಎಲ್ಲವನ್ನೂ ತಟ್ಟೆಯಲ್ಲಿನ ನೀರಿಗೆ ಇಳಿಸಿದರೆ ಕೆಲವು ಕ್ಷಣಗಳಲ್ಲಿ ಕುಸಿಯುವುದು ಯಾವುದು, ಹೆಚ್ಚು ಹೊತ್ತು ಆಕಾರ ಉಳಿಸಿಕೊಳ್ಳುವುದು ಯಾವುದು ಎಂಬುದು ಎದುರಿಗೇ ಕಾಣುತ್ತದೆ. ಶೇಡಿಮಣ್ಣಿನ ಬಣ್ಣ ಇಲ್ಲಿ ಬಯಲಾಗುತ್ತದೆ. ಸದಸ್ಯರು ಇದನ್ನು ಕಿರಿಯ ಇಂಜಿನಿಯರರ ಸಮ್ಮುಖದಲ್ಲಿ, ಅಂದಾಜುಪಟ್ಟಿ ಸಿದ್ಧವಾಗುವ ಮೊದಲೇ ಮಾಡಿಸುವುದು ಉಚಿತ.

ಲೆಕ್ಕವನ್ನು ನೋಡಬಹುದು. 3 ಮೀಟರ್ ಅಗಲ, 100 ಮೀಟರ್ ಉದ್ದದ ಹಾದಿಗೆ 15 ಸೆಂಟಿಮೀಟರ್ ದಪ್ಪದ ಪದರವೆಂದರೆ 45 ಘನ ಮೀಟರ್. ಇದರ ನಾಲ್ಕನೆಯ ಒಂದು ಪಾಲು, ಅಂದರೆ ಸುಮಾರು 11 ಘನ ಮೀಟರ್ ಮಾತ್ರ ಹೊರಗಿನಿಂದ ಬರಬೇಕಾದ ಮಣ್ಣು. ಸಡಿಲವಾಗಿ ತುಂಬಿದರೂ ಐದಾರು ಟ್ರ್ಯಾಕ್ಟರ್ ಲೋಡು. ಅಷ್ಟೇ ದಪ್ಪಕ್ಕೆ ಜಲ್ಲಿ ಹಾಕುವುದಾದರೆ ಪೂರ್ತಿ 45 ಘನ ಮೀಟರ್ ಸಾಗಿಸಬೇಕು.

ಮಿಶ್ರಣದ ಕೆಲಸ ಮಳೆಗಾಲ ಮುಗಿದು ಮರಳಿನಲ್ಲಿ ಇನ್ನೂ ತೇವವಿರುವ ಅಕ್ಟೋಬರ್–ನವೆಂಬರ್ ತಿಂಗಳುಗಳಲ್ಲಿ ಸುಗಮ. ಮಣ್ಣಿನ ಹೆಂಟೆಗಳನ್ನು ಪುಡಿ ಮಾಡಿ ಹರಡಿ, ನೇಗಿಲು ಅಥವಾ ಟ್ರ್ಯಾಕ್ಟರಿನ ಕಲ್ಟಿವೇಟರ್‌ನಿಂದ ಪೂರ್ತಿ ಆಳಕ್ಕೆ ಬೆರೆಸಬೇಕು. ಬರಿದೆ ಮೇಲೆ ಸುರಿದು ರೋಲರ್ ಓಡಿಸಿದರೆ ಜೇಡಿಯ ಚಕ್ಕೆ ಎದ್ದುಹೋಗುತ್ತದೆ. ಬಹಳಷ್ಟು ಕಾಮಗಾರಿಗಳು ಕೆಡುವುದು ಇಲ್ಲಿಯೇ. ಮುಷ್ಟಿಯಲ್ಲಿ ಹಿಸುಕಿದರೆ ಉಂಡೆಯಾಗಬೇಕು, ನೀರು ಜಿನುಗಬಾರದು: ಆ ಹದದಲ್ಲಿ ರೋಲರ್ ಅಂಚಿನಿಂದ ನಡುವಿಗೆ ಸಾಗಬೇಕು.

ಮಣ್ಣಿನ ರಸ್ತೆಗೆ ನಡುವಿನಿಂದ ಅಂಚಿಗೆ ಶೇಕಡಾ 4ರಿಂದ 5ರ ಇಳಿಜಾರು ಬೇಕು. 3 ಮೀಟರ್ ಅಗಲದ ಹಾದಿಯಲ್ಲಿ ನಡುಭಾಗ ಅಂಚಿಗಿಂತ ಕನಿಷ್ಠ 6 ಸೆಂಟಿಮೀಟರ್ ಎತ್ತರವಿರಬೇಕೆಂದು ಇದರ ಅರ್ಥ. ಒಂದು ದಾರ, ಒಂದು ಅಳತೆಪಟ್ಟಿ ಇದ್ದರೆ ಯಾವ ಸದಸ್ಯರಾದರೂ ಪರಿಶೀಲಿಸಬಹುದು. ಅಂಚಿನಲ್ಲಿ ಮುರಕಲ್ಲಿನ ಒಂದು ಸಾಲು ಹೂತರೆ ಪದರ ಪಕ್ಕಕ್ಕೆ ಸರಿಯುವುದಿಲ್ಲ. ಇಳಿಜಾರಿನ ಬದಿಗಳಿಗೆ ಲಾವಂಚದ ಬೇರು ಒಳ್ಳೆಯ ಹಿಡಿತ ಕೊಡುತ್ತದೆ.

ಸುಣ್ಣ ಬೆರೆಸಬೇಕೆಂಬ ಸಲಹೆ ಆಗಾಗ ಕೇಳಿಬರುತ್ತದೆ. ಸುಣ್ಣ ಕೆಲಸ ಮಾಡುವುದು ಜೇಡಿಯೊಂದಿಗೆ. ಬರಿಯ ಮರಳಿನಲ್ಲಿ ಅದು ವ್ಯರ್ಥ. ಸಿಮೆಂಟ್ ಫಲ ಕೊಡುತ್ತದೆ, ಆದರೆ ವೆಚ್ಚ ಹೆಚ್ಚು. ಭಾರವಾದ ವಾಹನಗಳು ತಿರುಗುವ ಸ್ಥಳಗಳಿಗೆ ಮಾತ್ರ ಯೋಗ್ಯ. ಜಲ್ಲಿಯೇ ಅನಿವಾರ್ಯವಾದಲ್ಲಿ ಅದರ ಅಡಿಗೆ ತೆಂಗಿನ ನಾರಿನ ಬಲೆಯನ್ನು ಹಾಸಿದರೆ ಜಲ್ಲಿ ಮರಳಿನೊಳಗೆ ಇಳಿಯುವುದು ತಗ್ಗುತ್ತದೆ.

ಕಡಲ ಬದಿಯ ಮರಳ ದಿಬ್ಬಗಳನ್ನು ಯಾವ ಕಾರಣಕ್ಕೂ ಕಡಿಯಬಾರದು. ಕರಾವಳಿ ನಿಯಂತ್ರಣ ವಲಯದ 2011 ಮತ್ತು 2019ರ ಅಧಿಸೂಚನೆಗಳೆರಡೂ ಅವನ್ನು ಸೂಕ್ಷ್ಮ ಪ್ರದೇಶವೆಂದು ಪರಿಗಣಿಸಿವೆ. ಈ ವಲಯದಲ್ಲಿ ಬರುವ ಹಾದಿಯ ಕಾಮಗಾರಿಗೆ, ಹಾಗೆಯೇ ಮಣ್ಣು ತೆಗೆಯುವುದಕ್ಕೆ, ಅನುಮತಿಯ ಕಡತ ಮೊದಲು ಸಿದ್ಧವಾಗಬೇಕು.

ಬಿಲ್ಲು ಪಾವತಿಗೆ ಮುನ್ನ ಮೂರು ನಾಲ್ಕು ಕಡೆ ಸಣ್ಣ ಗುಂಡಿ ತೋಡಿಸಿ, ಪದರದ ದಪ್ಪವನ್ನು ಅಳತೆ ಪುಸ್ತಕದ ನಮೂದಿನೊಂದಿಗೆ ತಾಳೆ ನೋಡಬೇಕು. ಮೊದಲ ಮಳೆಗಾಲದಲ್ಲಿ ಭಾರಿ ಲಾರಿಗಳನ್ನು ತಡೆದು, ಅಂಟಂಟಾದ ಜಾಗಕ್ಕೆ ಹಿಡಿ ಮರಳು, ಬೇಸಿಗೆಯಲ್ಲಿ ಉದುರುವ ಜಾಗಕ್ಕೆ ಹಿಡಿ ಜೇಡಿ ಸೇರಿಸುತ್ತಿರಬೇಕು. ಇದಕ್ಕಾಗಿ ರಸ್ತೆಯ ಬದಿಯಲ್ಲಿ ಒಂದು ಲೋಡು ಮಣ್ಣನ್ನು ಮುಚ್ಚಿಡುವ ಬಾಬತ್ತನ್ನು ಅಂದಾಜುಪಟ್ಟಿಯಲ್ಲಿಯೇ ಸೇರಿಸುವುದು ಅಗತ್ಯ.