ಚರ್ಚೆ ಮುಗಿದ ಬಳಿಕ ಉಳಿಯುವುದೇನು?

(ಪೆರ್ಡೂರಿನಲ್ಲಿ ಹೆತ್ತವರು ಮತ್ತು ಯುವಜನರನ್ನು ಉದ್ದೇಶಿಸಿ ಮಾಡಿದ ಭಾಷಣದ ಲಿಖಿತ ರೂಪ)

 

ತಂತ್ರಜ್ಞಾನ, ರಾಜಕೀಯ ಮತ್ತು ಶಿಕ್ಷಣ - ಈ ಮೂರು ವಿಷಯಗಳ ಕುರಿತು ಮಾತನಾಡಬೇಕೆಂದು ನಮಗೆ ಸೂಚಿಸಲಾಗಿದೆ. ಮೇಲ್ನೋಟಕ್ಕೆ ಇವು ಮೂರು ಪ್ರತ್ಯೇಕ ಭಾಷಣಗಳ ವಿಷಯಗಳು. ಆದರೆ ನಮ್ಮ ಮನೆಗಳಲ್ಲಿ, ಮಸೀದಿಯ ಅಂಗಳದಲ್ಲಿ, ಬಸ್ ನಿಲ್ದಾಣದಲ್ಲಿ, ಕೈಯಲ್ಲಿರುವ ಮೊಬೈಲಿನಲ್ಲಿ ಇಂದು ಹಗಲಿರುಳು ನಡೆಯುತ್ತಿರುವ ಚರ್ಚೆ ಈ ಮೂರರ ಸುತ್ತಲೇ ಸುತ್ತುತ್ತಿದೆ. ಚರ್ಚೆ ನಡೆಯಬೇಕು, ಅದು ಜೀವಂತ ಸಮುದಾಯದ ಲಕ್ಷಣ. ನಾವು ಕೇಳಬಯಸುವ ಪ್ರಶ್ನೆ ಇಷ್ಟೇ: ಚರ್ಚೆ ಮುಗಿದ ಬಳಿಕ ಉಳಿಯುವುದೇನು?

ಯಂತ್ರದ ಭಯ ಮತ್ತು ಯಂತ್ರದ ಮೋಹ

ಮೊದಲು ತಂತ್ರಜ್ಞಾನ. ಹೊಸ ಯಂತ್ರವೊಂದು ಬಂದಾಗ ಅದನ್ನು ಅನುಮಾನದಿಂದ ನೋಡುವ ರೂಢಿ ನಮ್ಮಲ್ಲಿ ಹಳೆಯದು. ಧ್ವನಿವರ್ಧಕವನ್ನು ನಮಾಝ್‌ನಲ್ಲಿ ಬಳಸಬಹುದೇ ಎಂಬ ಬಗ್ಗೆ ಉಪಖಂಡದ ವಿದ್ವಾಂಸರು ದಶಕಗಳ ಕಾಲ ಚರ್ಚಿಸಿದರು. ಬಳಿಕ ಟಿ.ವಿ. ಬಂತು, ಕಂಪ್ಯೂಟರ್ ಬಂತು. ಪ್ರತಿ ಬಾರಿಯೂ ಮೊದಲು ವಿರೋಧ, ನಂತರ ಮೌನ, ಕೊನೆಗೆ ಎಲ್ಲರಿಗಿಂತ ಹೆಚ್ಚು ಬಳಕೆ! ಇದರ ನಡುವೆ ಆ ಯಂತ್ರವನ್ನು ನಮ್ಮ ಒಳಿತಿಗೆ ಬಳಸುವುದು ಹೇಗೆಂದು ಯೋಚಿಸಲು ಸಿಗಬೇಕಾಗಿದ್ದ ಅಮೂಲ್ಯ ವರ್ಷಗಳು ಕಳೆದುಹೋದವು.

ಇದಕ್ಕೆ ವ್ಯತಿರಿಕ್ತವಾದ ಒಂದು ಮಾದರಿ ನಮ್ಮ ಜಿಲ್ಲೆಯಲ್ಲೇ ಇದೆ. 1906ರ ಮಾರ್ಚ್ 12ರಂದು ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬರ ನೇತೃತ್ವದಲ್ಲಿ ಒಂದು ಬ್ಯಾಂಕು ಆರಂಭವಾಯಿತು. ಮೊದಲ ದಿನದ ಕೊನೆಗೆ ಅದರಲ್ಲಿದ್ದುದು 38 ರೂಪಾಯಿ, 13 ಆಣೆ, 2 ಪೈ. ಅದುವೇ ಮುಂದೆ ಕಾರ್ಪೊರೇಶನ್ ಬ್ಯಾಂಕ್ ಆಗಿ ಬೆಳೆದು, 2020ರ ಏಪ್ರಿಲ್ 1ರಂದು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. ಬಡ್ಡಿಯ ಕುರಿತಾದ ಧಾರ್ಮಿಕ ಪ್ರಶ್ನೆ ಬೇರೆ, ಅದನ್ನು ನಾವಿಲ್ಲಿ ಬಿಡಿಸಲು ಹೊರಟಿಲ್ಲ. ಆದರೆ ತನ್ನ ಊರಿಗೆ ಏನು ಬೇಕೆಂದು ಗುರುತಿಸಿ, ಎಲ್ಲ ಸಮುದಾಯದವರನ್ನು ಜೊತೆಗೂಡಿಸಿ, ಆ ಕಾಲಕ್ಕೆ ಹೊಸದಾಗಿದ್ದ ವ್ಯವಸ್ಥೆಯೊಂದನ್ನು ಕಟ್ಟಿದ ಆ ಮನೋಭಾವ ಇಂದು ನಮ್ಮಲ್ಲಿ ಎಷ್ಟು ಮಂದಿಗಿದೆ?

ಇಂದಿನ ಸಮಸ್ಯೆ ಯಂತ್ರದ ಭಯದ್ದಲ್ಲ, ಮೋಹದ್ದು. 2020ರಲ್ಲಿ ಕೋವಿಡ್ ನಿಮಿತ್ತ ಶಾಲೆಗಳು ಮುಚ್ಚಿದಾಗ ಪಾಠಗಳು ಮೊಬೈಲಿಗೆ ಬಂದವು. ಎಲ್ಲ ಮಕ್ಕಳಿಗೂ ಅದು ಎಟುಕದೆಂಬುದನ್ನು ಮನಗಂಡ ರಾಜ್ಯ ಸರಕಾರವು ಅದೇ ವರ್ಷದ ಆಗಸ್ಟ್‌ನಲ್ಲಿ ಅಧ್ಯಾಪಕರನ್ನೇ ಊರಿನ ಜಗಲಿಗಳಿಗೆ ಕಳುಹಿಸುವ ವಿದ್ಯಾಗಮ ಯೋಜನೆಯನ್ನು ತಂದಿತು. ಆ ದಿನಗಳಲ್ಲಿ ಮನೆಯಲ್ಲಿ ಒಂದೇ ಮೊಬೈಲ್ ಇದ್ದರೆ ಅದು ಯಾರ ಕೈಗೆ ಹೋಯಿತು? ಮಗನ ಕೈಗೋ, ಮಗಳ ಕೈಗೋ? ಗಲ್ಫ್‌ನಲ್ಲಿ ದುಡಿಯುವ ತಂದೆ ರಜೆಯಲ್ಲಿ ಬರುವಾಗ ತಂದ ದುಬಾರಿ ಫೋನು ಯಾರಿಗೆ ಸಿಕ್ಕಿತು? ಉತ್ತರವನ್ನು ಇಲ್ಲಿ ಹೇಳಬೇಕಾಗಿಲ್ಲ. ಪ್ರತಿಯೊಬ್ಬರೂ ತಮ್ಮ ಮನೆಯನ್ನೊಮ್ಮೆ ನೆನಪಿಸಿಕೊಂಡರೆ ಸಾಕು.

ಬೆರಳ ತುದಿಯ ಹೊಣೆಗಾರಿಕೆ

ತಂತ್ರಜ್ಞಾನವು ರಾಜಕೀಯದೊಂದಿಗೆ ಕೈಜೋಡಿಸಿದಾಗ ಏನಾಗುತ್ತದೆಂಬುದಕ್ಕೆ ನಮ್ಮ ರಾಜ್ಯವೇ ಸಾಕ್ಷಿ. 2012ರ ಆಗಸ್ಟ್‌ನಲ್ಲಿ ಮೊಬೈಲ್ ಸಂದೇಶಗಳ ಮೂಲಕ ಹಬ್ಬಿದ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಮಂದಿ ಬೆಂಗಳೂರಿನಿಂದ ರೈಲು ಹತ್ತಿದರು. ಮುಸ್ಲಿಮರು ತಮ್ಮ ಮೇಲೆ ದಾಳಿ ಮಾಡಲಿದ್ದಾರೆಂಬುದು ಆ ವದಂತಿಯಾಗಿತ್ತು. 2018ರ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿ ಎಂಬಲ್ಲಿ ಮಕ್ಕಳ ಕಳ್ಳರೆಂಬ ಸುಳ್ಳು ಸಂದೇಶವನ್ನು ನಂಬಿದ ಗುಂಪು, ಹೈದರಾಬಾದಿನ ತರುಣ ಸಾಫ್ಟ್‌ವೇರ್ ತಂತ್ರಜ್ಞನೊಬ್ಬನನ್ನು ಹೊಡೆದು ಕೊಂದಿತು. ಆತ ಮುಸ್ಲಿಮನಾಗಿದ್ದ. ಅವನೂ ಅವನ ಜೊತೆಗಾರರೂ ಮಾಡಿದ್ದು ದಾರಿಯಲ್ಲಿ ಮಕ್ಕಳಿಗೆ ಚಾಕಲೇಟ್ ಹಂಚಿದ್ದು. ಅದೇ ತಿಂಗಳು ವಾಟ್ಸಪ್ ಸಂಸ್ಥೆಯು ಭಾರತದಲ್ಲಿ ಒಂದು ಸಂದೇಶವನ್ನು ಏಕಕಾಲಕ್ಕೆ ಐದಕ್ಕಿಂತ ಹೆಚ್ಚು ಕಡೆಗೆ ದಾಟಿಸದಂತೆ ಮಿತಿ ಹೇರಿತು.

ಇವೆರಡೂ ನಮ್ಮನ್ನು ಬಲಿಪಶುಗಳ ಸ್ಥಾನದಲ್ಲಿ ನಿಲ್ಲಿಸುತ್ತವೆ. ಆದರೆ 2020ರ ಆಗಸ್ಟ್ 11ರ ರಾತ್ರಿಯನ್ನು ನಾವು ಮರೆಯಲಾಗದು. ಪ್ರವಾದಿ(ಸ)ಯವರನ್ನು ನಿಂದಿಸಿದ ಒಂದು ಫೇಸ್‌ಬುಕ್ ಬರಹ ಬೆಂಗಳೂರಿನಲ್ಲಿ ಕಾಣಿಸಿಕೊಂಡಿತು. ದೂರು ನೀಡಲು, ಕಾನೂನಿನ ಮಾರ್ಗದಲ್ಲಿ ಪಟ್ಟು ಹಿಡಿಯಲು ಅವಕಾಶವಿತ್ತು. ಅದರ ಬದಲಿಗೆ ನಮ್ಮದೇ ಯುವಕರನ್ನೊಳಗೊಂಡ ಗುಂಪು ಬೀದಿಗಿಳಿಯಿತು. ಶಾಸಕರ ಮನೆಗೆ ಬೆಂಕಿ ಬಿತ್ತು, ಡಿ.ಜೆ. ಹಳ್ಳಿ ಮತ್ತು ಕೆ.ಜಿ. ಹಳ್ಳಿ ಪೊಲೀಸ್ ಠಾಣೆಗಳ ಮೇಲೆ ದಾಳಿಯಾಯಿತು. ಪೊಲೀಸ್ ಗೋಲಿಬಾರಿನಲ್ಲಿ ಮೂವರು ಪ್ರಾಣ ಕಳಕೊಂಡರು, ನೂರಾರು ಮಂದಿ ಬಂಧಿತರಾದರು. ಕರುಣೆಯ ಪ್ರವಾದಿಯ ಹೆಸರಿನಲ್ಲಿ ನಡೆದ ಈ ಕೃತ್ಯದಿಂದ ಪ್ರವಾದಿಯವರ ಗೌರವ ಎಷ್ಟು ಹೆಚ್ಚಿತು? ಜೈಲು ಸೇರಿದ ಹುಡುಗರ ತಾಯಂದಿರ ಬಳಿ ಈ ಪ್ರಶ್ನೆಗೆ ಉತ್ತರವಿದೆಯೇ?

ಸುದ್ದಿಯನ್ನು ಪರಿಶೀಲಿಸಿದ ಬಳಿಕವೇ ಹೆಜ್ಜೆಯಿಡಬೇಕೆಂದು ಆದೇಶಿಸುವ ಅಲ್ ಹುಜುರಾತ್ ಅಧ್ಯಾಯವನ್ನು ಮದ್ರಸದ ಮಕ್ಕಳೂ ಓದುತ್ತಾರೆ. ಹದೀಸ್ ವಿದ್ವಾಂಸರಂತೂ ಒಂದು ಮಾತು ಯಾರಿಂದ ಯಾರಿಗೆ ತಲುಪಿತೆಂಬ ಇಡೀ ಸರಪಣಿಯನ್ನು ಒರೆಗೆ ಹಚ್ಚದೆ ಸ್ವೀಕರಿಸುತ್ತಿರಲಿಲ್ಲ. ಮದ್ರಸದಲ್ಲೂ ಕಾಲೇಜಿನಲ್ಲೂ ಕಲಿತ ನಮಗೆ ವರದಿಗಾರಿಕೆಯ ಮೊದಲ ಪಾಠ ಸಿಕ್ಕಿದ್ದು ಅಲ್ಲಿಯೇ. ಅಂತಹ ಪರಂಪರೆಯ ವಾರಸುದಾರರು ಊರು ಹೆಸರಿಲ್ಲದ ವೀಡಿಯೊವನ್ನು ಕಣ್ಮುಚ್ಚಿ ಮುಂದಕ್ಕೆ ದಾಟಿಸುವುದಕ್ಕಿಂತ ದೊಡ್ಡ ವಿಪರ್ಯಾಸ ಬೇರೇನಿದೆ?

ಗದ್ದಲದಲ್ಲಿ ಕಳೆದುಹೋದದ್ದು

ಇನ್ನು ಶಿಕ್ಷಣ. ಪೆರ್ಡೂರಿನಲ್ಲಿ ನಿಂತು ಉಡುಪಿಯ ವಿಷಯವನ್ನು ಹೇಳದಿರಲು ಸಾಧ್ಯವಿಲ್ಲ. 2021ರ ಕೊನೆಯ ವಾರಗಳಲ್ಲಿ ಉಡುಪಿಯ ಸರಕಾರಿ ಬಾಲಕಿಯರ ಪದವಿ ಪೂರ್ವ ಕಾಲೇಜಿನಲ್ಲಿ ಶಿರವಸ್ತ್ರದ ವಿಷಯ ಎದ್ದಾಗ ತರಗತಿಯ ಹೊರಗೆ ಕುಳಿತವರು ಆರು ವಿದ್ಯಾರ್ಥಿನಿಯರು. 2022ರ ಫೆಬ್ರವರಿ 5ರಂದು ಸರಕಾರದ ಸಮವಸ್ತ್ರ ಆದೇಶ ಬಂತು. 8ರಂದು ಎಂ.ಜಿ.ಎಂ. ಕಾಲೇಜಿನ ಆವರಣದಲ್ಲಿ ಕೇಸರಿ ಶಾಲು ಮತ್ತು ಶಿರವಸ್ತ್ರ ಮುಖಾಮುಖಿಯಾದವು. ಅಂದೇ ರಾಜ್ಯದ ಹೈಸ್ಕೂಲು, ಕಾಲೇಜುಗಳಿಗೆ ಮೂರು ದಿನ ರಜೆ ಘೋಷಣೆಯಾಯಿತು. ಮಾರ್ಚ್ 15ರಂದು ಹೈಕೋರ್ಟ್‌ನ ತ್ರಿಸದಸ್ಯ ಪೀಠವು ಅರ್ಜಿಗಳನ್ನು ವಜಾ ಮಾಡಿತು. ಅಕ್ಟೋಬರ್ 13ರಂದು ಸುಪ್ರೀಮ್ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ನೀಡಿದರು. ಹೇಮಂತ್ ಗುಪ್ತಾ ಅವರು ಮೇಲ್ಮನವಿಗಳನ್ನು ತಳ್ಳಿಹಾಕಿದರೆ, ಹೆಣ್ಣುಮಕ್ಕಳ ಶಿಕ್ಷಣವೇ ತನ್ನ ಮನಸ್ಸಿನಲ್ಲಿ ಮೇಲಾಗಿ ನಿಂತ ಪ್ರಶ್ನೆಯೆಂದು ಹೇಳಿ ಸುಧಾಂಶು ಧುಲಿಯಾ ಅವರು ಅವನ್ನು ಎತ್ತಿಹಿಡಿದರು.

ಹಕ್ಕಿಗಾಗಿ ನ್ಯಾಯಾಲಯದ ಮೆಟ್ಟಿಲೇರಿದ ಆ ಮಕ್ಕಳನ್ನು ನಾವು ದೂಷಿಸುವುದಿಲ್ಲ. ಸಂವಿಧಾನ ಕೊಟ್ಟ ದಾರಿಯಲ್ಲಿ ಅವರು ನಡೆದರು. ನಮ್ಮ ಪ್ರಶ್ನೆ ಅವರ ಸುತ್ತ ನಿಂತು ಮಾತನಾಡಿದ ನಮ್ಮೆಲ್ಲರಿಗೆ. ಆ ವಿದ್ಯಾರ್ಥಿನಿಯರ ದೂರವಾಣಿ ಸಂಖ್ಯೆ, ವಿಳಾಸಗಳೇ ಮೊಬೈಲ್‌ಗಳಲ್ಲಿ ಹರಿದಾಡಿದುವೆಂದು ಹೆತ್ತವರು ಪೊಲೀಸ್ ವರಿಷ್ಠಾಧಿಕಾರಿಗೆ ದೂರು ಕೊಡಬೇಕಾಯಿತು. ಏಪ್ರಿಲ್ 22ರಂದು ದ್ವಿತೀಯ ಪಿ.ಯು.ಸಿ. ಪರೀಕ್ಷೆ ಆರಂಭವಾದಾಗ ಅರ್ಜಿದಾರರಲ್ಲಿ ಇಬ್ಬರು ಪರೀಕ್ಷೆ ಬರೆಯದೆ ಕೇಂದ್ರದಿಂದ ಹಿಂದಿರುಗಿದರು. ಅವರು ಬರುವುದನ್ನೂ ಹಿಂದಿರುಗುವುದನ್ನೂ ಕ್ಯಾಮರಾಗಳು ತೋರಿಸಿದವು. ನಾವೂ ನೋಡಿದೆವು, ಪರ ವಿರೋಧ ಮಾತನಾಡಿದೆವು. ಮರುದಿನ ಎಷ್ಟು ಮಂದಿ ತಮ್ಮ ನೆರೆಮನೆಯ ಹುಡುಗಿ ಕಾಲೇಜಿಗೆ ಹೋಗುತ್ತಿದ್ದಾಳೆಯೇ ಎಂದು ವಿಚಾರಿಸಿದೆವು?

ಇನ್ನೊಂದು ಸಂಗತಿಯನ್ನು ಗಮನಿಸಿ. ಅದೇ 2022ರ ನವೆಂಬರ್‌ನಲ್ಲಿ ಕೇಂದ್ರ ಸರಕಾರವು ಅಲ್ಪಸಂಖ್ಯಾತರ ಮೆಟ್ರಿಕ್ ಪೂರ್ವ ವಿದ್ಯಾರ್ಥಿ ವೇತನವನ್ನು 9 ಮತ್ತು 10ನೇ ತರಗತಿಗಳಿಗೆ ಸೀಮಿತಗೊಳಿಸಿತು. ಎಂಟನೆಯವರೆಗೆ ಶಿಕ್ಷಣ ಹಕ್ಕು ಕಾಯ್ದೆಯಡಿ ಶಿಕ್ಷಣ ಉಚಿತವೆಂಬುದು ಕೊಡಲಾದ ಕಾರಣ. ಡಿಸೆಂಬರ್‌ನಲ್ಲಿ, ಸಂಶೋಧನಾ ವಿದ್ಯಾರ್ಥಿಗಳಿಗಿದ್ದ ಮೌಲಾನಾ ಆಝಾದ್ ಫೆಲೋಶಿಪ್ ನಿಲ್ಲಿಸಿರುವುದಾಗಿ ಲೋಕಸಭೆಯಲ್ಲಿ ತಿಳಿಸಲಾಯಿತು. ಒಂದನೇ ತರಗತಿಯ ಮಗುವಿನಿಂದ ಪಿ.ಎಚ್‌ಡಿ. ವಿದ್ಯಾರ್ಥಿಯವರೆಗೆ ಸಮುದಾಯದ ಎರಡೂ ತುದಿಗಳನ್ನು ತಟ್ಟಿದ ನಿರ್ಧಾರಗಳಿವು. ಶಿರವಸ್ತ್ರದ ವಿಷಯದಲ್ಲಿ ಸುರಿದ ಮಾತುಗಳಲ್ಲಿ ನೂರರ ಒಂದಂಶವನ್ನಾದರೂ ನಾವು ಇದಕ್ಕೆ ಮೀಸಲಿಟ್ಟೆವೇ? ಟಿ.ವಿ.ಯಲ್ಲಿ ಗದ್ದಲವಾಗದ ವಿಷಯ ನಮ್ಮಲ್ಲೂ ಚರ್ಚೆಯಾಗದು ಎಂದಾದರೆ, ನಮ್ಮ ಚರ್ಚೆಯ ವಿಷಯಗಳನ್ನು ನಿರ್ಧರಿಸುತ್ತಿರುವವರು ಯಾರು?

ಇದು ಹಳೆಯ ಕಾಯಿಲೆ. 2006ರ ನವೆಂಬರ್‌ನಲ್ಲಿ ಸಾಚಾರ್ ಸಮಿತಿಯು ವರದಿ ಸಲ್ಲಿಸಿದಾಗ ದೇಶದಲ್ಲಿ ಮದ್ರಸಗಳ ಬಗ್ಗೆ ಬಿಸಿಬಿಸಿ ಚರ್ಚೆ ನಡೆಯುತ್ತಿತ್ತು. ಶಾಲಾ ವಯಸ್ಸಿನ ಮುಸ್ಲಿಮ್ ಮಕ್ಕಳಲ್ಲಿ ಮದ್ರಸಗಳಲ್ಲಿ ಕಲಿಯುವವರು ಶೇ. 3 ಮಾತ್ರವೆಂದು ಸಮಿತಿ ಹೇಳಿತು. ಅದೇ ವರದಿಯ ಪ್ರಕಾರ 6ರಿಂದ 14 ವರ್ಷದೊಳಗಿನ ಶೇ. 25 ಮುಸ್ಲಿಮ್ ಮಕ್ಕಳು ಶಾಲೆಯ ಮುಖವನ್ನೇ ನೋಡಿರಲಿಲ್ಲ, ಇಲ್ಲವೇ ಅರ್ಧದಲ್ಲೇ ಬಿಟ್ಟಿದ್ದರು. ಆದರೂ ಶೇ. 3ರ ಬಗ್ಗೆ ಆದಷ್ಟು ಚರ್ಚೆ ಶೇ. 25ರ ಬಗ್ಗೆ ಆಗಲಿಲ್ಲ. ವಿರೋಧಿಗಳು ಎಸೆದ ಪ್ರಶ್ನೆಗೆ ಉತ್ತರಿಸುವುದರಲ್ಲೇ ನಮ್ಮ ಶಕ್ತಿ ಕರಗಿತು.

ವಾದಿಸುವವನ ಶಿಷ್ಟಾಚಾರ

ಹಾಗಾದರೆ ಹೇಗೆ ಚರ್ಚಿಸಬೇಕು? ಇದನ್ನು ಪೆರ್ಡೂರಿನವರಿಗೆ ಹೊರಗಿನವರು ಕಲಿಸಬೇಕಾಗಿಲ್ಲ. ಪೆರ್ಡೂರು ಮೇಳದ ಹೆಸರು ಕೇಳದವರು ಕರಾವಳಿಯಲ್ಲಿ ವಿರಳ. ಇಲ್ಲಿನ ತಾಳಮದ್ದಳೆಯಲ್ಲಿ ಇಂದು ಕರ್ಣನ ಪರವಾಗಿ ವಾದಿಸಿದ ಅರ್ಥಧಾರಿ ಇನ್ನೊಂದು ದಿನ ಅರ್ಜುನನ ಪರವಾಗಿ ವಾದಿಸುತ್ತಾನೆ. ಎದುರಾಳಿಯ ಮಾತನ್ನು ಕೊನೆಯವರೆಗೆ ಕೇಳದವನಿಗೆ ಅಲ್ಲಿ ಉತ್ತರ ಹೇಳಲಾಗದು. ವಾದ ಎಷ್ಟೇ ಬಿರುಸಾದರೂ ಪ್ರಸಂಗದ ಚೌಕಟ್ಟನ್ನು ಮೀರುವಂತಿಲ್ಲ. ಮುಗಿದ ಬಳಿಕ ಇಬ್ಬರೂ ಒಟ್ಟಿಗೆ ಚಹಾ ಕುಡಿಯುತ್ತಾರೆ.

ಇದೇ ಶಿಷ್ಟಾಚಾರ ನಮ್ಮ ವಿದ್ವತ್ ಪರಂಪರೆಯಲ್ಲೂ ಇತ್ತು. ಇಮಾಮ್ ಅಬೂ ಹನೀಫಾರ ಪ್ರಮುಖ ಶಿಷ್ಯರಾದ ಅಬೂ ಯೂಸುಫ್ ಮತ್ತು ಮುಹಮ್ಮದ್ ಅವರು ಹಲವು ವಿಷಯಗಳಲ್ಲಿ ಗುರುವಿನೊಂದಿಗೆ ಭಿನ್ನಾಭಿಪ್ರಾಯ ಹೊಂದಿದ್ದರು. ಆ ಭಿನ್ನಮತಗಳು ಇಂದಿಗೂ ಮದ್ರಸಗಳಲ್ಲಿ ಗೌರವದಿಂದ ಪಾಠವಾಗುತ್ತಿವೆ. ನಮ್ಮ ಕರಾವಳಿಯಲ್ಲಿ ಶಾಫಿಈಗಳೂ ಹನಫಿಗಳೂ ಒಬ್ಬರ ಹಿಂದೊಬ್ಬರು ನಿಂತು ನಮಾಝ್ ಮಾಡುವವರೇ. ಆದರೆ ಸಂಘಟನೆ, ಪಕ್ಷಗಳ ವಿಷಯ ಬಂದಾಗ ಭಿನ್ನವಾಗಿ ಮಾತನಾಡಿದವನ ಈಮಾನನ್ನೇ ಶಂಕಿಸುವ ಚಾಳಿ ನಮ್ಮಲ್ಲಿ ಬೆಳೆಯುತ್ತಿರುವುದೇಕೆ?

ಮಾತಿನಿಂದ ಅರ್ಜಿಯವರೆಗೆ

ಮಾನ್ಯರೇ, ರಾಜಕೀಯವೆಂದರೆ ದೆಹಲಿ, ಬೆಂಗಳೂರು ಮಾತ್ರವಲ್ಲ. ಗ್ರಾಮಸಭೆಯೂ ರಾಜಕೀಯವೇ. 2001ರಲ್ಲಿ ರಾಜ್ಯದ ಸರಕಾರಿ ಶಾಲೆಗಳಿಗೆ ಬಂದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ ಕುಳಿತುಕೊಳ್ಳುವವರು ಹೆತ್ತವರೇ. ಪ್ರಧಾನಮಂತ್ರಿಯ ಭಾಷಣವನ್ನು ಗಂಟೆಗಟ್ಟಲೆ ವಿಶ್ಲೇಷಿಸುವ ನಾವು ಗ್ರಾಮಸಭೆಯ ದಿನ ಎಲ್ಲಿರುತ್ತೇವೆ? ಶಾಲೆಯ ಛಾವಣಿ ಸೋರುತ್ತಿರುವಾಗ ಎದ್ದು ನಿಂತು ಕೇಳುವವರು ನಮ್ಮಲ್ಲಿ ಎಷ್ಟು ಮಂದಿ?

ಕೆಲವು ಸರಳ ಕೆಲಸಗಳನ್ನು ಸೂಚಿಸುತ್ತೇವೆ. ನಮ್ಮ ಮಕ್ಕಳ ಹೆಸರು ಜನನ ಪತ್ರದಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು, ಶಾಲೆಯ ದಾಖಲೆಯಲ್ಲಿ ಮತ್ತೊಂದು. ಮುಹಮ್ಮದ್, ಮೊಹಮ್ಮದ್, ಮಹಮ್ಮದ್ ಮೂವರೂ ಒಬ್ಬನೇ ಎಂಬುದು ನಮಗೆ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ಈ ಒಂದು ಅಕ್ಷರದ ವ್ಯತ್ಯಾಸದಿಂದ ವಿದ್ಯಾರ್ಥಿ ವೇತನದ ಅರ್ಜಿ ತಿರಸ್ಕೃತವಾಗಬಹುದು. ಮೊಬೈಲ್ ಬಲ್ಲ ನಾಲ್ಕು ಯುವಕರು, ಇಬ್ಬರು ಯುವತಿಯರು ವಾರಕ್ಕೊಂದು ದಿನ ಕುಳಿತು ಇದನ್ನು ಸರಿಪಡಿಸಲು ನೆರವಾಗಲಿ. ನಾಡಕಚೇರಿಯ ಆದಾಯ ಪ್ರಮಾಣಪತ್ರ, ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆ ಇವನ್ನು ಅರ್ಜಿಯ ಕೊನೆಯ ದಿನಕ್ಕೆ ಮುಂಚೆಯೇ ಸಿದ್ಧಪಡಿಸಲಿ. ಆರನೇ ತರಗತಿಗೆ ಪ್ರವೇಶ ನೀಡುವ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳು, ವೃತ್ತಿಪರ ಶಿಕ್ಷಣಕ್ಕೆ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮ ನೀಡುವ ಅರಿವು ಸಾಲ ಇವುಗಳ ಮಾಹಿತಿ ಶುಕ್ರವಾರದ ಜುಮಾದ ಬಳಿಕ ಎರಡು ನಿಮಿಷ ಘೋಷಣೆಯಾಗಲಿ. ಎಲ್ಲಕ್ಕಿಂತ ಮುಖ್ಯವಾಗಿ, ಎಸ್.ಎಸ್.ಎಲ್.ಸಿ. ಮುಗಿಸಿದ ಪ್ರತಿಯೊಬ್ಬ ಹುಡುಗಿಯ ಹೆಸರು ಜಮಾಅತ್‌ನ ಒಂದು ಪುಸ್ತಕದಲ್ಲಿರಲಿ. ಆಕೆ ಮುಂದೆ ಎಲ್ಲಿ ಸೇರಿದಳು ಎಂಬ ಅಂಕಣ ಖಾಲಿಯಿದ್ದರೆ ಆಕೆಯ ಮನೆಗೆ ಹೋಗಿ ವಿಚಾರಿಸುವುದು ನಮ್ಮ ಜವಾಬ್ದಾರಿ. ಆ ಭೇಟಿಗೆ ಮಹಿಳೆಯರೇ ಹೋಗಲಿ, ತಾಯಂದಿರೊಂದಿಗೆ ಮನಬಿಚ್ಚಿ ಮಾತನಾಡಲಿ.

ಇವುಗಳಲ್ಲಿ ಯಾವುದೂ ಸುದ್ದಿಯಾಗುವ ಕೆಲಸವಲ್ಲ. ಇದಕ್ಕೆ ಜೈಕಾರ ಸಿಗದು. ಆದರೆ ಮಣಿಪಾಲದಂತಹ ವಿದ್ಯಾಕೇಂದ್ರ ಇದೇ ಜಿಲ್ಲೆಯಲ್ಲಿರುವಾಗ ಪೆರ್ಡೂರಿನ ಹುಡುಗಿಯೊಬ್ಬಳು ಒಂದು ಪ್ರಮಾಣಪತ್ರದ ಕೊರತೆಯಿಂದಲೋ ಮನೆಯವರ ಹಿಂಜರಿಕೆಯಿಂದಲೋ ಅರ್ಧದಲ್ಲೇ ಉಳಿದರೆ, ನಾಳೆ ನಮ್ಮ ಯಾವ ವಾದವೂ ನಮ್ಮನ್ನು ಕಾಯದು. ಚರ್ಚಿಸೋಣ, ಬೇಕಾದರೆ ಬಿರುಸಾಗಿಯೇ ಚರ್ಚಿಸೋಣ. ಪ್ರತಿ ಚರ್ಚೆಯ ಕೊನೆಗೆ ನಾಳೆ ಬೆಳಿಗ್ಗೆ ಮಾಡಬೇಕಾದ ಒಂದು ಕೆಲಸ, ಅದನ್ನು ಮಾಡುವವರ ಹೆಸರು ಇವೆರಡನ್ನು ಬರೆದಿಟ್ಟು ಏಳೋಣ.

ಅಲ್ಲಾಹನು ನಮ್ಮ ಮಾತುಗಳಿಗೆ ಸತ್ಯವನ್ನೂ ಕೈಗಳಿಗೆ ಕೆಲಸವನ್ನೂ ದಯಪಾಲಿಸಲಿ.