ಕಾರಣ ಬೇರೆ, ಬಲವಂತ ಬೇರೆ



ಮಿದುಳು ಮತ್ತು ನರವ್ಯೂಹದ ಪ್ರದರ್ಶನವನ್ನು ಉದ್ಘಾಟಿಸಲು ತತ್ತ್ವಶಾಸ್ತ್ರದ ಅಧ್ಯಾಪಕನೊಬ್ಬನನ್ನು ಕರೆದ ಸಂಘಟಕರಿಗೆ ಕೃತಜ್ಞತೆಗಳು ಸಲ್ಲುತ್ತವೆ. ಮಾದರಿಗಳನ್ನು ವಿವರಿಸಲು ವಿದ್ಯಾರ್ಥಿಗಳೇ ಸಮರ್ಥರಿರುವುದರಿಂದ ಈ ಮಾತು ಒಂದೇ ಫಲಕಕ್ಕೆ, ಅಂದರೆ ಅಮೆರಿಕದ ನರವಿಜ್ಞಾನಿ ಬೆಂಜಮಿನ್ ಲಿಬೆಟ್ 1983ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ವರ್ಣಿಸಿ, ಮನುಷ್ಯನಿಗೆ ಇಚ್ಛಾಸ್ವಾತಂತ್ರ್ಯವಿಲ್ಲವೆಂದು ತೀರ್ಪಿತ್ತಿರುವ ಫಲಕಕ್ಕೆ, ಸೀಮಿತವಾಗಿದೆ.

ಆ ಪ್ರಯೋಗದಲ್ಲಿ ಭಾಗಿಗಳು ಗಡಿಯಾರದಂತೆ ಸುತ್ತುವ ಬೆಳಕಿನ ಚುಕ್ಕೆಯನ್ನು ನೋಡುತ್ತ, ತೋಚಿದಾಗ ಮಣಿಕಟ್ಟನ್ನು ಅಲುಗಿಸಿ, ಹಾಗೆ ಅಲುಗಿಸುವ ಇಚ್ಛೆ ಹುಟ್ಟಿದಾಗ ಚುಕ್ಕೆ ಎಲ್ಲಿತ್ತೆಂದು ತಿಳಿಸಬೇಕಿತ್ತು. ಇಚ್ಛೆಯ ಅರಿವು ಚಲನೆಗೆ ಸುಮಾರು 200 ಮಿಲಿಸೆಕೆಂಡ್ ಮೊದಲು ಮೂಡಿದರೆ, ಸಿದ್ಧತಾ ವಿಭವವು, ಎಂದರೆ ಚಲನೆಗೆ ಮುನ್ನ ಮಿದುಳಿನಲ್ಲಿ ನಿಧಾನವಾಗಿ ಬೆಳೆಯುವ ವಿದ್ಯುತ್ ಸಂಕೇತವು, ಸುಮಾರು 550 ಮಿಲಿಸೆಕೆಂಡ್ ಮೊದಲೇ ಆರಂಭವಾಗಿತ್ತು. ಆದರೆ ಈ ಸಂಕೇತವು ನಿರ್ಧಾರವೇ ಆಗಿರಬೇಕಿಲ್ಲ, ಮಿದುಳಿನ ಸಹಜ ಏರಿಳಿತಗಳು ಒಂದು ಮಿತಿಯನ್ನು ಮುಟ್ಟಿದ ಸಂದರ್ಭಗಳ ಸರಾಸರಿ ಚಿತ್ರವೂ ಆಗಿರಬಹುದು ಎಂದು ನರವಿಜ್ಞಾನಿ ಆರನ್ ಶರ್ಗರ್ ಮತ್ತು ಸಂಗಡಿಗರು 2012ರಲ್ಲಿ ವಾದಿಸಿದ್ದನ್ನು ಫಲಕವು ಕೈಬಿಟ್ಟಿದೆ. ಅದಕ್ಕಿಂತ ಮುಖ್ಯವಾಗಿ, ಯಾವ ಕ್ಷಣದಲ್ಲಿ ಅಲುಗಿಸಿದರೂ ಯಾರಿಗೂ ಲಾಭನಷ್ಟವಿಲ್ಲದ ಚಲನೆಯನ್ನು ನಿರ್ಧಾರವೆನ್ನುವುದೇ ಅತಿಯಾಯಿತು. ಪ್ರಯೋಗಾಲಯಕ್ಕೆ ಬರಲು ಆ ಭಾಗಿಗಳು ಒಪ್ಪಿದ ನಿಜವಾದ ನಿರ್ಧಾರವನ್ನು ಯಾರೂ ಅಳೆಯಲಿಲ್ಲ.

ಫಲಕದ ತೀರ್ಪಿನ ಹಿಂದೆ ಇನ್ನೂ ಹಳೆಯ ಪ್ರಶ್ನೆಯೊಂದಿದೆ. ಪ್ರತಿಯೊಂದು ಘಟನೆಯೂ ಹಿಂದಿನ ಸ್ಥಿತಿ ಮತ್ತು ಪ್ರಕೃತಿನಿಯಮಗಳಿಂದ ಅನಿವಾರ್ಯವಾಗಿ ಒದಗುತ್ತದೆಂಬ ನಿಲುವೇ ನಿಯತಿವಾದ. ಅದನ್ನು ಒಪ್ಪಿಯೂ ಸ್ವಾತಂತ್ರ್ಯವನ್ನು ಉಳಿಸಿಕೊಳ್ಳಬಹುದೆಂದು 1748ರಲ್ಲಿ ವಾದಿಸಿದ ತತ್ತ್ವಜ್ಞಾನಿ ಡೇವಿಡ್ ಹ್ಯೂಮನ ಪ್ರಕಾರ, ಸ್ವಾತಂತ್ರ್ಯಕ್ಕೆ ವಿರುದ್ಧವಾದುದು ಬಲವಂತವೇ ಹೊರತು ಕಾರಣವಲ್ಲ. ಸಾಕ್ಷಿಯೊಬ್ಬನು ಸತ್ಯನಿಷ್ಠೆಯಿಂದ ನಿಜ ನುಡಿಯುವುದಕ್ಕೂ, ಪ್ರಾಣಭಯದಿಂದ ಸುಳ್ಳು ನುಡಿಯುವುದಕ್ಕೂ ಕಾರಣಗಳುಂಟು. ಮೊದಲನೆಯದು ಅವನ ಸ್ವಭಾವದಿಂದಲೇ ಬಂದದ್ದು, ಎರಡನೆಯದು ಬಲವಂತದಿಂದ. ಆ ಸ್ವಭಾವವನ್ನಾದರೂ ಅವನು ಆರಿಸಿಕೊಂಡನೆ ಎಂಬ ಆಕ್ಷೇಪಕ್ಕೆ ಹ್ಯೂಮನಲ್ಲಿ ತೃಪ್ತಿಕರ ಉತ್ತರ ಸಿಗದೆಂಬುದನ್ನೂ ಒಪ್ಪಬೇಕು. ಪ್ರಕೃತಿನಿಯಮದ ಸ್ಥಾನದಲ್ಲಿ ಈಶ್ವರನನ್ನಿಟ್ಟರೆ ಇದೇ ಸಮಸ್ಯೆ ಉಡುಪಿಯ ಮಧ್ವಾಚಾರ್ಯರ ವೇದಾಂತದಲ್ಲಿಯೂ ಇದೆ: ಜೀವಾತ್ಮನ ಕರ್ತೃತ್ವವು ಈಶ್ವರಾಧೀನ, ಆದರೂ ಸತ್ಯ, ಏಕೆಂದರೆ ಜೀವನು ಕರ್ತೃವೇ ಅಲ್ಲವಾದರೆ ಇದನ್ನು ಮಾಡು, ಅದನ್ನು ಮಾಡಬೇಡ ಎನ್ನುವ ಶಾಸ್ತ್ರವು ನಿರರ್ಥಕವಾಗುತ್ತದೆ.

ತಪ್ಪಿಗೆ ನೆಪವಾಗಿದ್ದ ಹಣೆಬರಹದ ಜಾಗಕ್ಕೆ ಈಗ ನರಕೋಶಗಳು ಬಂದಿರುವುದು ಚಿಂತೆಯ ಸಂಗತಿ. ನಕಲು ಮಾಡಿ ಸಿಕ್ಕಿಬಿದ್ದವನು ಮಿದುಳನ್ನು ದೂರುವುದುಂಟು. ಬಹುಮಾನ ಗೆದ್ದವನು ಪದಕವನ್ನು ಮಿದುಳಿಗೆ ಬಿಟ್ಟುಕೊಟ್ಟ ನಿದರ್ಶನ ಮಾತ್ರ ಅಪರೂಪ. ಪ್ರದರ್ಶನವು ಉದ್ಘಾಟನೆಗೊಂಡಿದೆ.